ಎಡಗಡೆಯ ಸಣ್ಣ ನಾಳಗಳು

ನಮ್ಮ ಕಾಲುವೆ ಸೀಮೆಯಲ್ಲಿ ತಿಥಿಯೂಟ ಉಂಡು, ಮೇಲೊಂದಿಷ್ಟು ಕುಡಿದು ಬರುವ ಗಂಡಸರು ಬೈಕಿನಿಂದ ಬೀಳುವುದು ಹೊಸದೇನಲ್ಲ. ಬಿದ್ದವರು ಎದ್ದು, ಕೆಸರು ಕೊಡವಿಕೊಂಡು, ರಸ್ತೆ ಮಾಡಿಸಿದವರಿಗೆ ನಾಲ್ಕು ಬೈದು ಮನೆ ಸೇರುತ್ತಾರೆ. ಲುವಾಳ ಗಂಡ ಖಾಂಗ್ ಮಾತ್ರ ಏಳಲಿಲ್ಲ. ಬಾತುಕೋಳಿಗಳ ಹಿಂಡೊಂದು ಈ ಗದ್ದೆಯಿಂದ ಆ ಗದ್ದೆಗೆ ದಾಟುತ್ತಿತ್ತು. ಅವನ್ನು ತಪ್ಪಿಸಲು ಹೋಗಿ ಸೇತುವೆಯ ಕಟ್ಟೆಗೆ ತಲೆ ಹೊಡೆದುಕೊಂಡ. ಬಾತುಕೋಳಿಗಳಿಗೆ ಏನೂ ಆಗಲಿಲ್ಲ. ಆಸ್ಪತ್ರೆಗೆ ನೋಡಲು ಬಂದ ನೆಂಟರೆಲ್ಲ ಈ ಸಂಗತಿಯನ್ನು ಒಬ್ಬರಾದ ಮೇಲೊಬ್ಬರು ಹೇಳಿದರು, ಲುವಾ ಪ್ರತಿ ಸಲವೂ ತಲೆಯಾಡಿಸಿದಳು.

ಆಡಿಸುವುದಕ್ಕೊಂದು ತಲೆ ಇತ್ತು, ಅಷ್ಟೆ. ಒಳಗೆ ಏನೂ ಇರಲಿಲ್ಲ. ಅಳು ಬರಲಿಲ್ಲ, ಹಸಿವಾಗಲಿಲ್ಲ, ಯಾರ ಮೇಲೂ ಸಿಟ್ಟು ಬರಲಿಲ್ಲ. ಗೇಟಿನ ಹತ್ತಿರ ದಾನದ ಗಂಜಿ ಹಂಚುವ ಹೆಂಗಸರು ಬಟ್ಟಲು ಕೈಗಿಟ್ಟರೆ ಕುಡಿಯುತ್ತಿದ್ದಳು, ಇಡದಿದ್ದರೆ ಸುಮ್ಮನಿರುತ್ತಿದ್ದಳು. ಐಸಿಯು ಹೊರಗಿನ ಕಾರಿಡಾರಿನಲ್ಲಿ ಚಾಪೆ ಹಾಸಿಕೊಂಡು ಬಿದ್ದಿದ್ದ ಎಷ್ಟೋ ಮನೆಯವರ ನಡುವೆ ಅವಳದೂ ಒಂದು ಚಾಪೆ.

"ಗಂಡನಾ?" ಅಂದಳು ಪಕ್ಕದ ಚಾಪೆಯ ಹೆಂಗಸು.

"ಹೂಂ."

"ನನಗೆ ಮಗ."

ಅಲ್ಲಿಗೆ ಪರಿಚಯ ಮುಗಿಯಿತು. ಆಮೇಲೆ ಇಬ್ಬರೂ ಒಂದೇ ಫ್ಯಾನಿನ ಗಾಳಿಯಲ್ಲಿ ಬೆನ್ನು ತಿರುಗಿಸಿ ಮಲಗಿದರು.

ಅತ್ತೆ ಹಾಗಲ್ಲ. ಖಾಂಗ್‌ನ ತಾಯಿಗೆ ಕೈತುಂಬ ಕೆಲಸ. ಯಾವ ನರ್ಸು ಯಾವ ಊರಿನವಳು, ಯಾವ ಡಾಕ್ಟರಿಗೆ ಮದುವೆಯಾಗಿಲ್ಲ, ಯಾವ ಹಾಸಿಗೆಯವರು ಸರಿಯಾದ ಹೊತ್ತಿಗೆ ಮನೆಗೆ ಹೋದರು, ಯಾರು ತಡಮಾಡಿ ಕೆಟ್ಟರು, ಎಲ್ಲ ಆಕೆಗೆ ಗೊತ್ತು. ಕೊನೆಯದನ್ನು ಆಕೆ ಬಹಳ ಗಮನವಿಟ್ಟು ನೋಡುತ್ತಿದ್ದಳು.

ಅದಕ್ಕೆ ಕಾರಣವಿತ್ತು. ನಮ್ಮ ಕಡೆ ಯಾರಿಗೂ ಆಸ್ಪತ್ರೆಯಲ್ಲಿ ಸಾಯಲು ಇಷ್ಟವಿಲ್ಲ. ಹೊರಗೆ ಪ್ರಾಣಬಿಟ್ಟವನನ್ನು ಮನೆಯೊಳಗೆ ತರುವ ಹಾಗಿಲ್ಲ. ಅಂಗಳದಲ್ಲೇ ತಾಡಪಾಲು ಕಟ್ಟಿ ಮಲಗಿಸಬೇಕು, ಒಳಗೆ ಪೂರ್ವಜರ ಪೀಠದ ಮುಂದೆ ಅವನಿಗೆ ಜಾಗವಿಲ್ಲ. ಹಾಗಾಗಿ ಡಾಕ್ಟರು ಕೈಚೆಲ್ಲಿದರು ಅಂದ ಕೂಡಲೆ ಮನೆಯವರೇ ಕೇಳಿ ಕರೆದುಕೊಂಡು ಹೋಗುತ್ತಾರೆ. ಗಂಟಲಿನ ಕೊಳವೆಗೆ ರಬ್ಬರಿನ ಚೀಲ ಸಿಕ್ಕಿಸಿ, ದಾರಿಯುದ್ದಕ್ಕೂ ಕೈಯಲ್ಲಿ ಒತ್ತುತ್ತಾ ಉಸಿರನ್ನು ಹಿಡಿದಿಟ್ಟು, ತನ್ನ ಮಂಚದ ಮೇಲೆ ಮಲಗಿಸಿದ ಮೇಲೆ ಕೊಳವೆ ತೆಗೆಯುತ್ತಾರೆ. ಅತ್ತೆಯ ಗಂಡ ಆಸ್ಪತ್ರೆಯಲ್ಲೇ ಹೋಗಿಬಿಟ್ಟಿದ್ದ. ಮಳೆಗಾಲ. ಅಂಗಳದಲ್ಲಿ ತಾಡಪಾಲಿನಿಂದ ನೀರು ಸುರಿಯುತ್ತಿದ್ದರೆ, ಹೊಸ್ತಿಲ ಒಳಗೆ ನಿಂತು ಆಕೆ ಗಂಡನ ಕಾಲು ನೆನೆಯುವುದನ್ನು ನೋಡಿದ್ದಳು. ಹೀಗೆ ನೋಡಿದವಳ ಮಾತಿಗೆ ಎದುರು ಹೇಳುವುದು ಸುಲಭವಲ್ಲ.

ಐಸಿಯುವಿನ ದೊಡ್ಡ ಡಾಕ್ಟರು ಒಳ್ಳೆಯ ಮನುಷ್ಯ. "ಮಿದುಳು ತುಂಬಾ ಊದಿದೆ. ತಲೆ ಎಲುಬು ತೆಗೆದು ಜಾಗ ಮಾಡಿದ್ದೀವಿ. ಆದ್ರೂ ಆಸೆ ಕಡಿಮೆ. ಮನೆಯವರು ಯೋಚನೆ ಮಾಡಿ" ಅಂದರು. ಯೋಚನೆ ಮಾಡಿ ಅಂದರೆ ಏನೆಂದು ಕಾರಿಡಾರಿನಲ್ಲಿದ್ದ ಅಷ್ಟೂ ಚಾಪೆಗಳಿಗೆ ಗೊತ್ತು. ಅತ್ತೆ ಅವತ್ತೇ ದೊಡ್ಡ ಮಗ ಥುವಾನ್‌ಗೆ ಫೋನು ಮಾಡಿ ಮಂಚ ಒರೆಸಿಡಲು ಹೇಳಿದಳು.

ಡಾಕ್ಟರ್ ವೀ ಬಂದದ್ದು ಆ ಮಧ್ಯಾಹ್ನ. ಮನೆಯವರನ್ನು ಒಬ್ಬೊಬ್ಬರನ್ನಾಗಿ ಒಳಗೆ ಬಿಡುವ ಹೊತ್ತು. ಲುವಾ ಒದ್ದೆ ಬಟ್ಟೆಯಲ್ಲಿ ಖಾಂಗ್‌ನ ಪಾದ ಒರೆಸುತ್ತಿದ್ದಳು. ಬೋಟಿನ ಮೋಟಾರು ರಿಪೇರಿಯವನ ಪಾದ, ಎಷ್ಟು ಒರೆಸಿದರೂ ಗೆರೆಗಳಲ್ಲಿ ಗ್ರೀಸು ಉಳಿಯುತ್ತಿತ್ತು. ಅಷ್ಟರಲ್ಲಿ ಈ ಚಿಕ್ಕ ವಯಸ್ಸಿನ ಡಾಕ್ಟರಮ್ಮ, ಚಕ್ರ ಕಿರುಗುಡುವ ಅಲ್ಟ್ರಾಸೌಂಡ್ ಮಿಷನ್ನು ತಳ್ಳಿಕೊಂಡು ಬಂದು, ಜಾಗ ಸಾಲದೆ ಮಂಚದ ಸುತ್ತ ಒಂದು ಸುತ್ತು ಹಾಕಿದಳು.

"ಅಕ್ಕ, ನೀವು ಇರಿ, ಹೋಗ್ಬೇಡಿ. ಮಂಚಕ್ಕೆ ಮಾತ್ರ ತಾಗ್ಬೇಡಿ."

ಲುವಾ ಬಟ್ಟೆಯನ್ನು ಹಿಡಿದುಕೊಂಡು ಗೋಡೆಗೆ ಒರಗಿದಳು.

ಖಾಂಗ್‌ನ ತಲೆಯ ಎಡಭಾಗದಲ್ಲಿ ಅಂಗೈಯಗಲ ಎಲುಬಿರಲಿಲ್ಲ. ಹೊಲಿಗೆ ಹಾಕಿದ ಚರ್ಮ ಉಬ್ಬಿ ನಿಂತಿತ್ತು. ಡಾಕ್ಟರ್ ವೀ ಅದರ ಮೇಲೆ ತಣ್ಣನೆಯ ಲೋಳೆ ಹಚ್ಚಿ, ಮಿಷನ್ನಿನ ಪ್ಲಾಸ್ಟಿಕ್ ಹೊದಿಸಿದ ಕೈಹಿಡಿಯನ್ನು ಇಟ್ಟಳೋ ಇಲ್ಲವೋ ಅನ್ನುವಷ್ಟು ಹಗುರವಾಗಿ ಇಟ್ಟಳು. ಆಕೆಗೆ ಕೆಲಸ ಮಾಡುವಾಗ ಮಾತಾಡುವ ಚಾಳಿ.

"ಎಲುಬು ಇದ್ದಿದ್ರೆ ಈ ಮಿಷನ್ನಿನ ಶಬ್ದ ಒಳಗೆ ಹೋಗೋದೇ ಕಷ್ಟ. ಇಲ್ಲಿ ಕಿಟಕಿ ತೆಗೆದ ಹಾಗಾಗಿದೆ. ನೋಡಿ ಅಕ್ಕ, ಇದು ಮಾಮೂಲಿ ಸ್ಕ್ಯಾನು. ಕೆಂಪು, ನೀಲಿ. ದೊಡ್ಡ ನಾಳ ಮಾತ್ರ ಕಾಣ್ಸುತ್ತೆ."

ಪರದೆಯ ಮೇಲೆ ಬೂದುಬಣ್ಣದ ಮಂಜು, ಅದರಲ್ಲಿ ಎರಡು ಮೂರು ಬಣ್ಣದ ತುಂಡು. ಉಳಿದದ್ದೆಲ್ಲ ಖಾಲಿ. ಲುವಾಗೆ ಆ ಖಾಲಿ ಒಪ್ಪಿಗೆಯಾಯಿತು. ತನ್ನೊಳಗೂ ಹಾಗೇ ಇತ್ತು.

"ಸಣ್ಣ ನಾಳಗಳಲ್ಲಿ ರಕ್ತ ಎಷ್ಟು ಮೆಲ್ಲಗೆ ಹರಿಯುತ್ತೆ ಅಂದ್ರೆ, ಮಿದುಳು ಮಿಸುಕಾಡಿದ್ದಕ್ಕೂ ಅದಕ್ಕೂ ವ್ಯತ್ಯಾಸ ಈ ಸ್ಕ್ಯಾನಿಗೆ ತಿಳಿಯಲ್ಲ. ಎರಡನ್ನೂ ಸೇರಿಸಿ ಅಳಿಸಿಬಿಡುತ್ತೆ. ಈಗ ಹೊಸದು ಬಂದಿದೆ. ಅಕ್ಕೀಲಿ ಕಲ್ಲು ಆರಿಸ್ತೀವಲ್ಲ, ಹಾಗೆ ಮಿಸುಕಾಟಾನ ಆರಿಸಿ ಎಸೆದು ರಕ್ತ ಮಾತ್ರ ಉಳಿಸ್ಕೊಳ್ಳುತ್ತೆ. ನನ್ನ ಕೈ ಅಲುಗಬಾರ್ದು ಅಷ್ಟೆ."

ಆಕೆ ಒಂದು ಗುಂಡಿ ಒತ್ತಿದಳು. ಮಾತು ನಿಲ್ಲಿಸಿದಳು. ತನ್ನ ಉಸಿರನ್ನೂ ಹಿಡಿದಳು.

ಖಾಲಿಯಿದ್ದ ಕಡೆ ಮೊದಲು ಒಂದು ಎಳೆ ಮೂಡಿತು. ಅದರ ಮಗ್ಗುಲಲ್ಲಿ ಇನ್ನೊಂದು. ಆಮೇಲೆ ಮಿದುಳಿನ ಅಂಚಿನಿಂದ ಒಳಕ್ಕೆ, ಒಂದರ ಪಕ್ಕ ಒಂದು, ಕೂದಲಿನಷ್ಟು ಸಣ್ಣ ಗೆರೆಗಳು ಇಳಿದವು. ಅಂತರಗಂಗೆಯನ್ನು ಕಾಲುವೆಯಿಂದ ಎತ್ತಿ ಹಿಡಿದರೆ ಕೆಳಗೆ ಬೇರು ಜೋತಾಡುತ್ತದಲ್ಲ, ಹಾಗೆ. ಎದೆ ಬಡಿದಾಗ ತುಸು ಹೊಳೆಯುತ್ತಿದ್ದವು, ಮತ್ತೆ ಮಂಕಾಗುತ್ತಿದ್ದವು. ಒಂದು ಕಡೆ ಮಾತ್ರ, ಅಂಗೈಯ ಮೂಲೆಯಷ್ಟು ಜಾಗದಲ್ಲಿ, ಏನೂ ಇರಲಿಲ್ಲ.

"ಅಲ್ಲಿ ಹೋಗಿದೆ" ಅಂದಳು ಡಾಕ್ಟರ್ ವೀ, ತನಗೆ ತಾನೇ. "ಇಷ್ಟೇ ಹೋಗಿದೆ. ಉಳಿದ ಕಡೆಯೆಲ್ಲ ರಕ್ತ ಇದೆ. ಇಷ್ಟು ಇರುತ್ತೆ ಅಂದ್ಕೊಂಡಿರ್ಲಿಲ್ಲ." ಆಮೇಲೆ ಲುವಾಳ ಕಡೆ ತಿರುಗಿದಳು. "ಅಕ್ಕ, ಮನೆಗೆ ಕರ್ಕೊಂಡು ಹೋಗೋ ಮಾತು ನಡೀತಿದೆಯಂತೆ. ಸ್ವಲ್ಪ ದಿನ ತಡೀರಿ."

ಲುವಾ ಏನಾದರೂ ಅನ್ನಬೇಕಿತ್ತು. ಕಣ್ಣಿಗೆ ಗೆರೆಗಳು ಕಂಡವು, ಕಿವಿಗೆ ಮಾತು ಬಿತ್ತು, ಒಳಗೆ ಮಾತ್ರ ಯಾವುದೂ ಇಳಿಯಲಿಲ್ಲ. ಡಾಕ್ಟರಮ್ಮನ ಚಪ್ಪಲಿಯ ಪಟ್ಟಿ ಕಿತ್ತುಹೋಗಿ ದಾರ ಕಟ್ಟಿದ್ದನ್ನು ಅವಳು ನೋಡುತ್ತಿದ್ದಳು. "ಹೂಂ" ಅಂದಳು.

ಕಾರಿಡಾರಿನಲ್ಲಿ ಅತ್ತೆ ಡಾಕ್ಟರನ್ನು ತಡೆದು ನಿಲ್ಲಿಸಿದಳು.

"ಅಲ್ಲಮ್ಮ ಡಾಕ್ಟ್ರೇ, ಇವನು ಏಳ್ತಾನಾ?"

"ಅದು ನನಗೆ ಹೇಳಕ್ಕಾಗಲ್ಲ ಅಜ್ಜಿ. ರಕ್ತ ಹರೀತಿದೆ ಅಂತ ಮಾತ್ರ ಹೇಳ್ಬಹುದು. ದೊಡ್ಡ ಡಾಕ್ಟ್ರಿಗೂ ತೋರಿಸ್ತೀನಿ."

"ಎದ್ರೆ ನಮ್ಮ ಗುರುತು ಸಿಗುತ್ತಾ?"

"ಗೊತ್ತಿಲ್ಲ."

"ಇಲ್ಲೇ ಹೋಗಿಬಿಡಬಹುದಾ, ನೀವು ಹೇಳೋ ಸ್ವಲ್ಪ ದಿನದಲ್ಲಿ?"

ಡಾಕ್ಟರ್ ವೀ ಸುಳ್ಳು ಹೇಳುವವಳಲ್ಲ. ಹೇಳಿದ್ದರೆ ಈ ಕಥೆ ಬೇರೆಯಾಗುತ್ತಿತ್ತು. "ಹೋಗಬಹುದು ಅಜ್ಜಿ" ಅಂದಳು.

"ನೋಡಿದ್ಯಾ?" ಅಂದಳು ಅತ್ತೆ ಸೊಸೆಯ ಕಡೆ ತಿರುಗಿ. "ಏಳ್ತಾನಾ ಅಂದ್ರೆ ಗೊತ್ತಿಲ್ಲ. ಹೋಗ್ತಾನಾ ಅಂದ್ರೆ ಹೋಗಬಹುದು. ಇವರ ಮಿಷನ್ನಿಗೆ ನನ್ನ ಮಗ ಅಂಗಳದಲ್ಲಿ ಮಲಗ್ಬೇಕಾ? ನೀನು ಹೆಂಡ್ತಿ, ನೀನು ಹೇಳು."

ದೊಡ್ಡ ಡಾಕ್ಟರು ಚಿತ್ರ ನೋಡಿ, ತಲೆ ಕೆರೆದುಕೊಂಡು, "ಇದು ಹೊಸದು. ಇದನ್ನ ನಂಬಿ ಇರಿ ಅಂತಲೂ ಹೇಳಲಾರೆ, ಹೋಗಿ ಅಂತಲೂ ಹೇಳಲಾರೆ" ಅಂದರು. ಎಲ್ಲರೂ ಲುವಾಳ ಮುಖ ನೋಡಿದರು. ನಾಲ್ಕು ಜನ ಮುಖ ನೋಡುವಾಗ ಏನಾದರೂ ಹೇಳಬೇಕಲ್ಲ.

"ನಿಮ್ಮಿಷ್ಟ ಅತ್ತೆ" ಅಂದಳು. ಸಹಿ ಎಲ್ಲಿ ಹಾಕಬೇಕೆಂದು ತೋರಿಸಿದರು, ಹಾಕಿದಳು.

ಮರುದಿನ ಬೆಳಿಗ್ಗೆ ನಿದ್ದೆಯ ಔಷಧಿಯ ಹನಿ ನಿಲ್ಲಿಸಿದರು, ವೆಂಟಿಲೇಟರಿನಿಂದ ಬಿಡಿಸಿ ರಬ್ಬರಿನ ಚೀಲಕ್ಕೆ ಹಾಕಿದರು. ಡಾಕ್ಟರ್ ವೀ ಆಗ ಬೇರೆ ವಾರ್ಡಿನಲ್ಲಿದ್ದಳು. ಪಕ್ಕದ ಚಾಪೆಯವಳು ಎದ್ದು ನಿಂತು, "ಹೊರಟ್ರಾ? ಒಳ್ಳೇದಾಯ್ತು, ಹೊತ್ತಿಗೆ ಸರಿಯಾಗಿ" ಅಂದಳು. ಅವಳ ದನಿಯಲ್ಲಿ ನಿಜವಾದ ಹೊಟ್ಟೆಕಿಚ್ಚಿತ್ತು.

ಆಂಬುಲೆನ್ಸಿನಲ್ಲಿ ಚೀಲ ಒತ್ತುತ್ತಿದ್ದವನು ತುವಾಂಗ್ ಅನ್ನುವ ನರ್ಸು. ಇಂಥ ದಾರಿಗಳನ್ನು ಅವನು ಬಹಳ ಕಂಡವನು. ಎಡಗೈಯಲ್ಲಿ ಚೀಲ ಒತ್ತುತ್ತಾ ಬಲಗೈಯಲ್ಲಿ ಐಸ್ ಹಾಕಿದ ಕಾಫಿ ಹೀರುತ್ತಾ ಡ್ರೈವರಿಗೆ ಗುಂಡಿ ತಪ್ಪಿಸಲು ಹೇಳುತ್ತಿದ್ದ. ಅತ್ತೆ ಮಗನ ಕಿವಿಯ ಹತ್ತಿರ ಬಾಗಿದ್ದಳು. ಹೋಗುವ ಜೀವಕ್ಕೆ ದಾರಿ ತಪ್ಪಬಾರದೆಂದು ಪ್ರತಿ ಸೇತುವೆಯ ಹೆಸರು ಹೇಳಬೇಕು, ಅದು ಪದ್ಧತಿ.

"ಖಾಂಗ್, ದೊಡ್ಡ ಸೇತುವೆ ದಾಟ್ತಿದ್ದೀವಿ ಮಗಾ. ಖಾಂಗ್, ಇಟ್ಟಿಗೆ ಗೂಡಿನ ಸೇತುವೆ ಬಂತು. ನಿದ್ದೆ ಮಾಡ್ಬೇಡ, ಜೊತೇಲೇ ಬಾ."

ಲುವಾ ಅವನ ಕಾಲ ಬಳಿ ಕೂತಿದ್ದಳು. ಕಿಟಕಿಯಲ್ಲಿ ತೆಂಗಿನ ಮರ, ಗ್ಯಾಸ್ ಅಂಗಡಿ, ಇಸ್ಕೂಲು ಓಡುತ್ತಿದ್ದವು. ಗಂಡ ಸಾಯಲು ಹೊರಟಿದ್ದಾನೆ ಅಂದುಕೊಂಡು ನೋಡಿದಳು. ಏನೂ ಆಗಲಿಲ್ಲ. ಬೇರೆ ಯಾರದೋ ಗಂಡನ ವಿಷಯ ಕೇಳಿದ ಹಾಗಿತ್ತು.

ಕೊನೆಯ ಸೇತುವೆಯ ಹತ್ತಿರ ರಸ್ತೆ ಮುಗಿಯುತ್ತದೆ. ಥುವಾನ್ ಭಾವ ಮೋಟಾರು ದೋಣಿ ತಂದು ಕಾದಿದ್ದ. ಅವನು ಮಾತು ಕಡಿಮೆಯ ಮನುಷ್ಯ. ತಮ್ಮನ ಮುಖ ನೋಡಿ ಸಿಗರೇಟು ನೀರಿಗೆ ಎಸೆದ. ಸ್ಟ್ರೆಚರ್ ಇಳಿಸಿದರು. ಈಗ ತುವಾಂಗ್‌ಗೆ ಒಂದು ಕೈಯಲ್ಲಿ ಆಕ್ಸಿಜನ್ ಸಿಲಿಂಡರು, ಇನ್ನೊಂದರಲ್ಲಿ ಸ್ಟ್ರೆಚರಿನ ತುದಿ. ದೋಣಿ ಓಲಾಡುತ್ತಿತ್ತು.

"ಅಕ್ಕ, ಚೀಲ ನೀವು ಹಿಡ್ಕೊಳ್ಳಿ. ಭಯ ಬೇಡ. ನಿಮ್ಮ ಉಸಿರು ನೋಡ್ಕೊಂಡು ಒತ್ತಿ. ನಿಮಗೆ ಗಾಳಿ ಬೇಕು ಅನ್ನಿಸಿದಾಗ ಅವ್ರಿಗೂ ಬೇಕು, ಅಷ್ಟೇ ಲೆಕ್ಕ."

ಲುವಾ ಚೀಲ ಹಿಡಿದಳು. ಒತ್ತಿದಳು. ಖಾಂಗ್‌ನ ಎದೆ ಎದ್ದಿತು. ಬಿಟ್ಟಳು, ಇಳಿಯಿತು. ಮದುವೆಯಾಗಿ ಬಂದಾಗಿನಿಂದ ಅವನಿಗೆ ಅನ್ನ ಬಡಿಸಿದ್ದಾಳೆ, ಬಟ್ಟೆ ಒಗೆದಿದ್ದಾಳೆ, ಕುಡಿದು ಬಂದರೆ ಬೈದು ಬೆನ್ನು ತಿರುಗಿಸಿ ಮಲಗಿದ್ದಾಳೆ. ಉಸಿರು ಕೊಟ್ಟಿರಲಿಲ್ಲ. ಒತ್ತುವುದು, ಬಿಡುವುದು. ಯೋಚನೆಯಿಲ್ಲದ ಕೆಲಸ ಅವಳಿಗೆ ಈಗ ಚೆನ್ನಾಗಿ ಬರುತ್ತಿತ್ತು.

ದೋಣಿ ಕಾಲುವೆಯ ತಿರುವು ದಾಟಿದಾಗ ಅವಳ ತಾಳ ತಪ್ಪಿತು. ಒತ್ತುವ ಮುಂಚೆಯೇ ಚೀಲ ಅಂಗೈಯ ಕೆಳಗೆ ಒಂದಿಷ್ಟು ತಗ್ಗಿತು. ಕೊಳವೆಯ ತುದಿಯಲ್ಲಿ ಗಾಳಿ ಬಿಡುವ ಪುಟ್ಟ ಮುಚ್ಚಳ ಟಿಕ್ ಅಂದಿತು. ತಾನೇ ಅರಿಯದೆ ಒತ್ತಿದೆ ಅಂದುಕೊಂಡಳು. ಸರಿಮಾಡಿಕೊಂಡು ಮತ್ತೆ ಶುರುಮಾಡಿದಳು. ಸ್ವಲ್ಪ ಹೊತ್ತಿಗೆ ಮತ್ತೆ ತಗ್ಗಿತು, ಮತ್ತೆ ಟಿಕ್.

ಲುವಾ ಕೈ ಸಡಿಲಿಸಿದಳು. ಒತ್ತಲಿಲ್ಲ. ಸುಮ್ಮನೆ ಹಿಡಿದುಕೊಂಡಳು.

ತುವಾಂಗ್ ಸಿಲಿಂಡರಿನ ಮುಳ್ಳು ನೋಡುತ್ತಿದ್ದ. ಅತ್ತೆ ಮಗನ ಕಿವಿಯಲ್ಲಿ, "ನಮ್ಮ ಕಾಲುವೆಗೆ ಬಂದ್ವಿ ಮಗಾ" ಅನ್ನುತ್ತಿದ್ದಳು. ಲುವಾ ಕಾದಳು. ಅವಳಿಗೇ ಗಾಳಿ ಬೇಕೆನಿಸಿತು, ಆದರೂ ಕಾದಳು. ಖಾಂಗ್‌ನ ಎದೆ ಇಳಿದು ಹಾಗೇ ನಿಂತಿತ್ತು. ಕೊಂದುಬಿಟ್ಟೆನೇನೋ ಅನ್ನುವ ಮಾತು ತಲೆಗೆ ಬರುವಷ್ಟರಲ್ಲಿ ಅವನ ಕತ್ತಿನ ಗುಳಿ ಒಳಕ್ಕೆ ಹೋಯಿತು, ಪಕ್ಕೆ ಅಲುಗಿತು, ಚೀಲ ಅವಳ ಬೆರಳುಗಳ ಕೆಳಗಿನಿಂದ ಗಾಳಿಯನ್ನು ಎಳೆದುಕೊಂಡಿತು. ಟಿಕ್.

"ತಮ್ಮಾ" ಅಂದಳು ತುವಾಂಗ್‌ಗೆ. "ಇವರು ತಾವೇ ಎಳ್ಕೋತಿದ್ದಾರೆ."

ತುವಾಂಗ್ ಬಾಗಿ ನೋಡಿದ. ಕಾಫಿ ಹೀರುವ ಮುಖ ಹೋಗಿ ಬೇರೆ ಮುಖ ಬಂತು. "ಔಷಧಿ ಇಳಿದಿರಬೇಕು" ಅಂದ. "ಕೆಲವರು ಎಳೀತಾರೆ ಅಕ್ಕ. ಸ್ವಲ್ಪ ಹೊತ್ತು."

"ಸ್ವಲ್ಪ ಅಂದ್ರೆ ಎಷ್ಟು?"

"ಅದು ನಂಗೊತ್ತಿಲ್ಲ. ಕೊಳವೆ ತೆಗೆದ ಮೇಲೆ ಬಹಳ ಹೊತ್ತು ಎಳೆದವರನ್ನೂ ನೋಡಿದ್ದೀನಿ." ದನಿ ತಗ್ಗಿಸಿದ. "ಅದನ್ನ ನೋಡೋದು ಕಷ್ಟ."

ಮನೆಯ ದೋಣಿಕಟ್ಟೆ ಕಾಣಿಸಿತು. ಬಾಡಿಗೆಯ ಪ್ಲಾಸ್ಟಿಕ್ ಕುರ್ಚಿಗಳು ಅಂಗಳದ ತುಂಬ. ಜೀವವಿರುವವನು ಬರುತ್ತಿದ್ದಾನೆ ಅನ್ನುವ ಮರ್ಯಾದೆಗೆ ಸೂತಕಕ್ಕೆ ತಂದ ಬಿಳಿ ಬಟ್ಟೆಯ ಸುರುಳಿಯನ್ನು ಯಾರೋ ಅಕ್ಕಿ ಡಬ್ಬದ ಹಿಂದೆ ತಳ್ಳಿದ್ದರು, ತುದಿ ಹೊರಗೇ ಇತ್ತು. ಚಿಕ್ಕತ್ತೆಯರು ಎದ್ದು ನಿಂತರು. ಥುವಾನ್ ಮೋಟಾರು ನಿಲ್ಲಿಸಿ ಹಗ್ಗ ಕೈಗೆತ್ತಿಕೊಂಡ.

"ಕಟ್ಬೇಡಿ ಭಾವ" ಅಂದಳು ಲುವಾ.

ಥುವಾನ್ ತಾಯಿಯ ಮುಖ ನೋಡಿದ.

"ಯಾಕೆ?" ಅಂದಳು ಅತ್ತೆ.

"ಇವರು ಉಸಿರಾಡ್ತಿದ್ದಾರೆ ಅತ್ತೆ. ನಾನು ಒತ್ತದೇ ಇದ್ರೂ. ಕೈ ಇಡಿ ಇಲ್ಲಿ."

"ನಾನ್ಯಾಕೆ ಇಡ್ಲಿ?"

"ಇಡಿ."

ಸೊಸೆ ಹಾಗೆ ಮಾತಾಡಿದ್ದು ಇದೇ ಮೊದಲು. ಅತ್ತೆ ಚೀಲದ ಮೇಲೆ ಕೈ ಇಟ್ಟಳು. ಚೀಲ ತಗ್ಗಿತು. ಅತ್ತೆ ಬಿಸಿ ತಾಗಿದವಳಂತೆ ಕೈ ಹಿಂದಕ್ಕೆ ಎಳೆದುಕೊಂಡಳು.

"ನಂಗೇನೂ ಗೊತ್ತಾಗ್ಲಿಲ್ಲ" ಅಂದಳು.

"ಗೊತ್ತಾಯ್ತು ನಿಮಗೆ."

"ದೋಣಿ ಅಲುಗಿದ್ದು ಅದು."

"ದೋಣಿ ಅಲುಗಿದ್ದಲ್ಲ ಅತ್ತೆ. ನಿನ್ನೆ ಆ ಹುಡುಗಿ ಡಾಕ್ಟರು ತೋರಿಸಿದ್ರು. ತಲೆ ಒಳಗೆ ರಕ್ತ ಓಡಾಡ್ತಿತ್ತು. ಸಣ್ಣಸಣ್ಣ ಎಳೆಗಳಲ್ಲಿ. ನಾನು ನೋಡ್ದೆ. ನೋಡ್ಕೊಂಡು ನಿಮ್ಮಿಷ್ಟ ಅಂದೆ. ಮನುಷ್ಯಳಾ ನಾನು?"

ಅತ್ತೆ ಮಗನ ಹಣೆಯ ಮೇಲಿನ ಬೆವರನ್ನು ಅಂಗಿಯ ತೋಳಿನಿಂದ ಒರೆಸಿದಳು.

"ಅಲ್ಲಿ ಹಾಸಿಗೇನ ಬೇರೆಯವರಿಗೆ ಕೊಟ್ಟಿರ್ತಾರೆ" ಅಂದ ಥುವಾನ್.

"ಬಾಗಿಲಲ್ಲಿ ಕೂತ್ಕೋತೀನಿ."

"ಸಿಲಿಂಡರು ಸಾಕಾಗುತ್ತಾ?" ಥುವಾನ್ ತುವಾಂಗ್‌ನನ್ನು ಕೇಳಿದ.

"ಬೇಗ ಹೋದ್ರೆ ಸಾಕಾಗುತ್ತೆ. ಆಂಬುಲೆನ್ಸು ಇನ್ನೂ ಸೇತುವೆ ಹತ್ರಾನೇ ಇದೆ. ಆದ್ರೆ ಅಣ್ಣಾ, ನಾನು ಏನೂ ಮಾತು ಕೊಡಲ್ಲ."

ಅತ್ತೆ ತಲೆಯೆತ್ತಿದಳು. ಮನೆಯ ಬಾಗಿಲು ತೆರೆದಿತ್ತು, ಒಳಗೆ ಒರೆಸಿಟ್ಟ ಮಂಚ ಕಾಣುತ್ತಿತ್ತು. ಹತ್ತು ಹೆಜ್ಜೆಯೂ ಇರಲಿಲ್ಲ. "ಲುವಾ" ಅಂದಳು, ಬೇಡುವವಳ ದನಿಯಲ್ಲಿ. "ದಾರೀಲಿ ಹೋಗ್ಬಿಟ್ರೆ ಇವನನ್ನ ಒಳಗೆ ತರಕ್ಕಾಗಲ್ಲ ಕಣೇ. ಅವರಪ್ಪನ ಹಾಗೆ ಮಳೇಲಿ..."

"ಹೋದ್ರೆ ನಾನೂ ಹೊರಗೇ ಇರ್ತೀನಿ ಇವರ ಜೊತೆ. ಮಳೆ ಬಂದ್ರೆ ನನ್ನ ಮೇಲೂ ಬರ್ಲಿ. ಆದ್ರೆ ಉಸಿರಾಡೋರ ಗಂಟಲಿಂದ ನಾನು ಕೊಳವೆ ತೆಗೆಸಲ್ಲ."

ಅತ್ತೆ ಥುವಾನ್‌ನ ಕೈಯಿಂದ ಹಗ್ಗ ಕಿತ್ತುಕೊಂಡು ದೋಣಿಯೊಳಗೆ ಎಸೆದಳು.

"ಏನು ನೋಡ್ತಾ ನಿಂತಿದ್ದೀಯ ಕತ್ತೆ, ಮೋಟಾರು ಹಾಕು" ಅಂದಳು.

ದೋಣಿ ತಿರುಗಿತು. ಲುವಾ ಚೀಲ ಹಿಡಿದು ಕಾಯುತ್ತಿದ್ದಳು, ಅವನು ಎಳೆದಾಗ ಮಾತ್ರ ಮೆಲ್ಲಗೆ ಒತ್ತುತ್ತಿದ್ದಳು. ಒಂದು ಉಸಿರಾದ ಮೇಲೆ ಇನ್ನೊಂದು ಬರುವುದೋ ಇಲ್ಲವೋ ಗೊತ್ತಿರಲಿಲ್ಲ. ಅವಳ ಕೈ ನೋಯುತ್ತಿತ್ತು, ಬಾಯಿ ಒಣಗಿತ್ತು. ಯಾಕೆಂದು ತಿಳಿಯಲು ಅವಳಿಗೆ ಒಂದು ಕ್ಷಣ ಹಿಡಿಯಿತು. ಖಾಂಗ್ ಬಿದ್ದಾಗಿನಿಂದ ಮೊದಲ ಸಲ, ಅವನು ಎಲ್ಲಿ ಸತ್ತುಹೋಗುತ್ತಾನೋ ಎಂದು ಅವಳಿಗೆ ಭಯವಾಗುತ್ತಿತ್ತು.